ಮಿಡಿ ನಮ್ಮದು, ಅಳತೆ ಆಯಿಯದು, ಕೈ ಅವರದು: ಶಿರಸಿ ಹತ್ತಿರ ಅಪ್ಪೆಮಿಡಿ ಹಾಕಿಸಿಕೊಂಡ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಇದು ಬಾಟಲಿ ಉಪ್ಪಿನಕಾಯಿ ಮಾರುವ ಅಂಗಡಿಯ ಬಗ್ಗೆ ಅಲ್ಲ. ನಾವು ತಂದುಕೊಟ್ಟ ಅಪ್ಪೆಮಿಡಿಯನ್ನು (ಉಪ್ಪಿನಕಾಯಿಗೆ ಹಾಕುವ, ಪರಿಮಳದ ಎಳೆ ಮಾವಿನಕಾಯಿ), ನಾವು ಹೇಳಿದ ಅಳತೆಯಲ್ಲಿ, ನಮ್ಮದೇ ಭರಣಿಗೆ ಹಾಕಿಕೊಡುವವರ ಬಗ್ಗೆ. ಶಿರಸಿಯಿಂದ ಸಿದ್ದಾಪುರ ಕಡೆ ಹೋಗುವ ರಸ್ತೆಯಲ್ಲಿ, ಪೇಟೆ ದಾಟಿ ಅಡಿಕೆ ತೋಟ ಶುರುವಾಗುವ ಕಡೆ ಒಂದು ಹೆಂಚಿನ ಮನೆ. ಇಬ್ಬರು ಓರಗಿತ್ತಿಯರು ಸೇರಿ ಮಾಡುತ್ತಾರೆ. ಬೋರ್ಡ್ ಇಲ್ಲ. ಹೆಸರು ಎಲ್ಲೂ ಹಾಕಬೇಡಿ ಅಂತ ಅವರೇ ಕೇಳಿಕೊಂಡರು, ಯಾಕೆಂದರೆ ಒಂದು ಸೀಸನ್ನಿಗೆ ಮೂವತ್ತು ಮನೆಗಿಂತ ಜಾಸ್ತಿ ಒಪ್ಪಿಕೊಂಡರೆ ಕೈ ಸಾಲುವುದಿಲ್ಲವಂತೆ. ಹಾಗಾಗಿ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಬೇಕಾದವರು ಮಿಡಿ ಕಾಲದಲ್ಲಿ ಶಿರಸಿ ಮಾರ್ಕೆಟ್ಟಿನಲ್ಲಿ ಮಿಡಿ ಮಾರುವವರನ್ನು ಕೇಳಿ, ದಾರಿ ಹೇಳುತ್ತಾರೆ. ನನಗೂ ಹಾಗೇ ಸಿಕ್ಕಿದ್ದು.

ಹಾಕಿಸಿದ್ದು ಮಾರ್ಚ್‌ನಲ್ಲಿ. ಬರೆಯುತ್ತಿರುವುದು ನವೆಂಬರ್‌ನಲ್ಲಿ. ಉಪ್ಪಿನಕಾಯಿಯ ಬಗ್ಗೆ ಹದಿನೈದು ದಿನಕ್ಕೇ ಬರೆದರೆ ಅದಕ್ಕೆ ಅರ್ಥವಿಲ್ಲ. ಒಂದು ಮಳೆಗಾಲ ದಾಟಿದ ಮೇಲೆ ಮಿಡಿ ಗಟ್ಟಿ ಇದೆಯಾ, ರಸ ಕೆಟ್ಟಿಲ್ಲವಾ ಅಂತ ನೋಡಿ ಹೇಳಬೇಕು. ಎಂಟು ತಿಂಗಳಾಯಿತು, ಮಿಡಿ ಇನ್ನೂ ಕಟಕ್ ಅನ್ನುತ್ತದೆ.

ಇದನ್ನು ಯಾಕೆ ಹಾಕಿಸಬೇಕಾಯಿತು ಅಂತ ಹೇಳಬೇಕಾದರೆ ನನ್ನ ಆಯಿಯ, ಅಂದರೆ ಅಮ್ಮನ ಬಗ್ಗೆ ಹೇಳಲೇಬೇಕು. ಆಯಿಗೆ ಈಗ 76. ಅಡುಗೆ ಚೆನ್ನಾಗಿ ಮಾಡುವ ಅಮ್ಮಂದಿರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಚೆನ್ನಾಗಿ ಊಟ ಮಾಡುವ ಅಮ್ಮಂದಿರ ಬಗ್ಗೆ ಯಾರೂ ಬರೆಯುವುದಿಲ್ಲ. ನನ್ನ ಆಯಿ ಎರಡೂ. ಊಟಕ್ಕೆ ಕೂತರೆ ಅವಳು ಮಾತಾಡುವುದಿಲ್ಲ. ಬಾಳೆಯ ಮೇಲೆ ಏನೇನು ಬಿತ್ತು ಅಂತ ಒಂದು ಸಲ ನೋಡಿ, ಮೊದಲು ಉಪ್ಪಿನಕಾಯಿಯ ರಸಕ್ಕೆ ಬೆರಳು ತಾಗಿಸಿ ನಾಲಿಗೆಗೆ ಇಟ್ಟುಕೊಳ್ಳುತ್ತಾಳೆ. ಆಮೇಲೆ ಅನ್ನ, ತಂಬುಳಿ, ಸಾರು, ಹುಳಿ, ಪಾಯಸ. ಮಿಡಿಯನ್ನು ತೊಟ್ಟು ಹಿಡಿದು ಎತ್ತಿ, ಮೇಲಿನ ಮಸಾಲೆ ಚೀಪಿ, ಅರ್ಧ ಕಚ್ಚಿ, ಉಳಿದರ್ಧವನ್ನು ಬಾಳೆಯ ತುದಿಗೆ ಇಡುತ್ತಾಳೆ. ಅದು ಕೊನೆಯ ಮಜ್ಜಿಗೆ ಅನ್ನಕ್ಕೆ. ನಾವು ಚಿಕ್ಕವರಿದ್ದಾಗ ಆ ಅರ್ಧ ಮಿಡಿಯ ಮೇಲೆ ನಮ್ಮ ಕಣ್ಣು ಇರುತ್ತಿತ್ತು. ಬೇರೆ ಏನು ಕೇಳಿದರೂ ಕೊಡುತ್ತಿದ್ದಳು, ಅದನ್ನು ಮಾತ್ರ ಕೊಡುತ್ತಿರಲಿಲ್ಲ. ಈಗ ಯೋಚಿಸಿದರೆ ತುಂಬಾ ಖುಷಿಯಾಗುತ್ತದೆ. ಇಪ್ಪತ್ತು ಜನರಿಗೆ ಬಡಿಸಿ ಕೊನೆಗೆ ಕೂತು ಉಣ್ಣುವ ಹೆಂಗಸು ತನಗಾಗಿ ಅಂತ ಇಟ್ಟುಕೊಂಡದ್ದು ಆ ಅರ್ಧ ಮಿಡಿ ಒಂದೇ.

ಅವಳು ಊರಿನ ಕಾರ್ಯಗಳನ್ನು ನೆನಪಿಟ್ಟುಕೊಳ್ಳುವುದೂ ಊಟದಿಂದಲೇ. ಯಾರ ಮನೆಯ ಉಪನಯನ ಯಾವ ವರ್ಷ ಅಂತ ಕೇಳಿದರೆ, ಹಲಸಿನ ಹಣ್ಣಿನ ಕಡುಬು ಮಾಡಿದ್ದರಲ್ಲ, ಅದೇ ವರ್ಷ ಅನ್ನುತ್ತಾಳೆ. ಬೆಳಿಗ್ಗೆ ತೆಳ್ಳೇವಿಗೆ (ತೆಳ್ಳನೆಯ ಅಕ್ಕಿ ದೋಸೆ) ಜೋನಿಬೆಲ್ಲ, ಅಂದರೆ ನೀರುಬೆಲ್ಲ, ಮೇಲೆ ಒಂದು ಚಮಚ ತುಪ್ಪ. ಮೊಗೆಕಾಯಿ (ಮಂಗಳೂರು ಸೌತೆ) ಹಾಕಿದ ತೆಳ್ಳೇವಾದರೆ ಎರಡು ಜಾಸ್ತಿ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದ ಮೇಲೆ ದಿನಕ್ಕೆ ಒಂದೇ ಮಿಡಿ ಅಂತ ಒಪ್ಪಿಕೊಂಡಿದ್ದಾಳೆ, ಹಾಗೇ ನಡೆಸುತ್ತಿದ್ದಾಳೆ ಕೂಡ. ಒಂದೇ ಅಂದಮೇಲೆ ಆ ಒಂದು ಸರಿಯಾಗಿರಬೇಕು, ಅಲ್ವಾ?

ನಮ್ಮ ಮನೆಯ ಅಪ್ಪೆಮಿಡಿ ಅಂದರೆ ಆಯಿಯ ತವರಿನದು. ಅವಳ ಆಯಿ, ಆ ಆಯಿಯ ಅತ್ತೆ, ಹೀಗೆ ಬಂದದ್ದು. ಬರೆದಿಟ್ಟ ಚೀಟಿ ಯಾವುದೂ ಇಲ್ಲ. ಅಳತೆ ಎಲ್ಲ ಕೈಯಲ್ಲಿ, ಸೇರಿನಲ್ಲಿ. ಹೋದ ವರ್ಷ ಆಯಿ ಕೈ ಮುರಿದುಕೊಂಡ ಮೇಲೆ ಅವಳನ್ನು ಕೂರಿಸಿಕೊಂಡು, ಹಿಡಿ ಹಿಡಿಯಾಗಿ ತೂಗಿ, ನಾನು ಗ್ರಾಮಿಗೆ ಇಳಿಸಿದ್ದು. ಒಂದು ಕಿಲೋ ಮಿಡಿಗೆ ಕಲ್ಲುಪ್ಪು 270 ಗ್ರಾಂ. ಬ್ಯಾಡಗಿ ಮೆಣಸು 100 ಗ್ರಾಂ. ಸಣ್ಣ ಸಾಸಿವೆ 75 ಗ್ರಾಂ. ಅರಿಶಿನ ಒಂದು ಚಮಚ. ಇಂಗು ಕಡಲೆ ಗಾತ್ರ. ಎಣ್ಣೆ ಇಲ್ಲ, ವಿನೆಗರ್ ಇಲ್ಲ, ಬೆಳ್ಳುಳ್ಳಿ ಇಲ್ಲ. ಉಪ್ಪು, ಸಾಸಿವೆಯ ಘಾಟು, ಮಿಡಿಯದೇ ಹುಳಿ, ಈ ಮೂರೇ ಕಾಯುವುದು. ಇಷ್ಟು ನಮ್ಮ ಕಡೆ ಹೆಚ್ಚುಕಡಿಮೆ ಎಲ್ಲ ಹವ್ಯಕರ ಮನೆಯಲ್ಲೂ ಒಂದೇ. ಸಂಬಂಧಿಕರೆಲ್ಲ ಆಯಿಯ ಮಿಡಿಯನ್ನೇ ಕೇಳಿ ಒಯ್ಯುವುದಕ್ಕೆ ಕಾರಣ ಬೇರೆ ಇದೆ.

ಒಂದು, ಉಪ್ಪು. ಸಾಣಿಕಟ್ಟೆ ಉಪ್ಪೇ ಆಗಬೇಕು. ಗೋಕರ್ಣದ ಹತ್ತಿರ, ಅಘನಾಶಿನಿ ಸಮುದ್ರ ಸೇರುವ ಕಡೆಯ ಗದ್ದೆಗಳಲ್ಲಿ ಬಿಸಿಲಿಗೆ ಒಣಗಿಸಿ ತೆಗೆಯುವ ಉಪ್ಪು ಅದು. ಪೂರ್ತಿ ಬಿಳಿ ಅಲ್ಲ, ಸ್ವಲ್ಪ ಮಣ್ಣಿನ ಬಣ್ಣ. ಆಯಿಯ ತವರು ಅದೇ ಅಘನಾಶಿನಿಯ ಮೇಲಿನ ದಂಡೆಯಲ್ಲಿ. ಹೊಳೆ ಹುಟ್ಟುವುದು ಶಿರಸಿಯಲ್ಲಿ, ಶಂಕರಹೊಂಡದಲ್ಲಿ. ಮಿಡಿ ಹೊಳೆಯ ಮೇಲ್ಬದಿಯದು, ಉಪ್ಪು ಕೆಳಬದಿಯದು. ಪುಡಿ ಉಪ್ಪು ಹಾಕಿದರೆ ಮಿಡಿ ಬೇಗ ಮೆತ್ತಗಾಗುತ್ತದೆ ಅಂತ ಆಯಿಯ ಗಟ್ಟಿ ನಂಬಿಕೆ. ನಾನೂ ಎರಡು ವರ್ಷ ನೋಡಿದ್ದೇನೆ, ನಮ್ಮ ಮನೆಯಲ್ಲಂತೂ ಹಾಗೇ ಆಗಿದೆ.

ಎರಡು, ಒಡೆದ ಮಿಡಿ. ಎಷ್ಟೇ ಜಾಗ್ರತೆ ಮಾಡಿದರೂ ನೂರಕ್ಕೆ ಮೂರೋ ನಾಲ್ಕೋ ಮಿಡಿಗೆ ಪೆಟ್ಟು ಬಿದ್ದಿರುತ್ತದೆ. ಅವನ್ನು ಇಡಿಯಾಗಿ ಹಾಕಿದರೆ ಭರಣಿಯನ್ನೇ ಕೆಡಿಸುತ್ತವೆ. ಎಲ್ಲರೂ ಅವನ್ನು ಅಪ್ಪೆಹುಳಿಗೆ, ಅಂದರೆ ಮಾವಿನಕಾಯಿಯ ತಿಳಿ ಸಾರಿಗೆ ತೆಗೆದಿಡುತ್ತಾರೆ. ಆಯಿ ಅವುಗಳಲ್ಲಿ ಒಳ್ಳೆಯ ಭಾಗ ಮಾತ್ರ ಕೊಯ್ದು, ಬೇರೆಯಾಗಿ ಉಪ್ಪಿನಲ್ಲಿಟ್ಟು, ಮಸಾಲೆ ರುಬ್ಬುವಾಗ ಕಲ್ಲಿಗೆ ಹಾಕುತ್ತಾಳೆ. ಮಿಡಿಯ ಪರಿಮಳ ರಸಕ್ಕೇ ಬಂದುಬಿಡುತ್ತದೆ, ರಸ ಗಟ್ಟಿಯೂ ಆಗುತ್ತದೆ. ಸುಮ್ನೆ ಬಿಸಿ ಅನ್ನಕ್ಕೆ ಆ ರಸ ಹಾಕಿಕೊಂಡು, ಒಂದು ಚಮಚ ತೆಂಗಿನೆಣ್ಣೆ ಬಿಟ್ಟು ಕಲಸಿದರೆ ಬೇರೆ ಏನೂ ಬೇಡ. ನಮ್ಮ ಮನೆಯಲ್ಲಿ ಮಿಡಿಗಿಂತ ಮೊದಲು ರಸ ಖಾಲಿಯಾಗುತ್ತಿತ್ತು.

ಮೂರನೆಯದು ಕಾಯುವುದು. ಮಿಡಿ ತೊಳೆದು, ಪಾಣಿಪಂಚೆಯ ಮೇಲೆ ಹರವಿ, ಒಂದೊಂದನ್ನೂ ಒರೆಸಿ, ಅರ್ಧ ಬೆರಳು ತೊಟ್ಟು ಬಿಟ್ಟು ಕತ್ತರಿಸಿ, ಒಂದು ಪದರ ಮಿಡಿ ಒಂದು ಪದರ ಉಪ್ಪು ಅಂತ ಭರಣಿಗೆ ತುಂಬಿ, ಮೇಲೆ ಕಲ್ಲು ಹೇರಬೇಕು. ಮಾರನೇ ದಿನಕ್ಕೇ ನೀರು ಬಿಡಲು ಶುರುವಾಗುತ್ತದೆ. ಕೈ ಹಾಕಿ ತಿರುವುವಂತಿಲ್ಲ. ಭರಣಿಯನ್ನೇ ಹಿಡಿದು ಅಲುಗಿಸಬೇಕು, ದಿನಾ. ಹದಿನೈದು ದಿನಕ್ಕೆ ಮಿಡಿ ಮುರುಟಿ, ಸಿಪ್ಪೆಯ ಮೇಲೆಲ್ಲ ಗೆರೆ ಬಿದ್ದು, ಉಪ್ಪುನೀರಿನಲ್ಲಿ ಮುಳುಗುತ್ತದೆ. ಆಮೇಲೆ ಆ ನೀರನ್ನು ಸೋಸಿ, ಕುದಿಸಿ, ಪೂರ್ತಿ ತಣಿಸಿ, ಅದರಲ್ಲೇ ಮಸಾಲೆ ರುಬ್ಬಬೇಕು. ಹೊರಗಿನ ನೀರು ಒಂದು ಹನಿ ತಾಗಬಾರದು. ನೀರು ತಣಿಯುವ ಮೊದಲೇ ರುಬ್ಬಲು ಕೂತರೆ ಆಯಿ ಬೈಯುತ್ತಿದ್ದಳು. ಬೆಳಿಗ್ಗೆ ಕುದಿಸಿದ ನೀರನ್ನು ಅವಳು ಮುಟ್ಟುತ್ತಿದ್ದದ್ದು ಮಾರನೇ ದಿನವೇ.

ಹೋದ ವರ್ಷ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಆಯಿಯ ಬಲಗೈ ಮಣಿಕಟ್ಟು ಮುರಿಯಿತು. ಕೂಡಿಕೊಂಡಿತು, ಆದರೆ ಮೊದಲಿನ ಬಲ ಬರಲಿಲ್ಲ. ಭರಣಿ ಅಲುಗಿಸುವುದು, ರುಬ್ಬುವುದು ಎರಡೂ ನಿಂತವು. ಆ ವರ್ಷದ ಮಿಡಿ ಅದಾಗಲೇ ಹಾಕಿ ಆಗಿತ್ತು, ಸಂಕ್ರಾಂತಿ ಹೊತ್ತಿಗೆ ಭರಣಿಯ ತಳ ಕಂಡಿತು. ಆಮೇಲೆ ಅಂಗಡಿಯದು ತಂದೆ. ಯಾವ ಅಂಗಡಿ ಅಂತ ಬೇಡ. ಬಾಟಲಿಯ ಮೇಲೆ ಅಪ್ಪೆಮಿಡಿ ಅಂತಲೇ ಇತ್ತು, ಬೆಲೆಯೂ ಕಡಿಮೆ ಇರಲಿಲ್ಲ. ಮೇಲೆ ಎರಡು ಬೆರಳು ಎಣ್ಣೆ, ಬಾಯಿಗಿಟ್ಟರೆ ವಿನೆಗರ್ ವಾಸನೆ. ಮಿಡಿ ಅಪ್ಪೆಯೇ ಅಲ್ಲ, ಯಾವುದೋ ಕಾಟು ಮಾವಿನ ಬಲಿತ ಕಾಯಿ, ಒಳಗೆ ಗೊರಟು ಗಟ್ಟಿಯಾಗಿಬಿಟ್ಟಿತ್ತು. ಆಯಿ ಒಂದು ಕಚ್ಚಿದಳು, ಬಾಳೆಯ ತುದಿಗೆ ಇಟ್ಟಳು. ಊಟ ಮುಗಿದ ಮೇಲೂ ಅದು ಅಲ್ಲೇ ಇತ್ತು. ಆ ಅರ್ಧ ಮಿಡಿ ಹಾಗೇ ಉಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಳೆ ಎತ್ತುವಾಗ ನನಗೆ ಗಂಟಲು ಕಟ್ಟಿತು.

ನಾನೇ ಯಾಕೆ ಹಾಕಬಾರದು ಅಂತ ಕೇಳಬಹುದು. ಒಮ್ಮೆ ಹಾಕಿದ್ದೆ, ಐದಾರು ವರ್ಷದ ಹಿಂದೆ, ಬೇರೆ ಊರಿನಲ್ಲಿದ್ದಾಗ. ಎರಡನೇ ತಿಂಗಳಿಗೆ ಬೂಷ್ಟು ಬಂತು. ಎಲ್ಲೋ ನೀರಿನ ಪಸೆ ಉಳಿದಿತ್ತು. ಈಗ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೋದರೆ ಮನೆ ಸೇರುವುದು ಸಂಜೆ ಏಳಕ್ಕೆ. ಹದಿನೈದು ದಿನ ತಪ್ಪದೆ ಒಂದೇ ಹೊತ್ತಿಗೆ ಭರಣಿ ನೋಡುವ ಕೆಲಸ ಇದು. ಆರುನೂರು ಮಿಡಿಯನ್ನು ಪಣಕ್ಕಿಡುವ ಧೈರ್ಯ ಬರಲಿಲ್ಲ.

ಮಿಡಿ ಮಾರುವವರೊಬ್ಬರು ಈ ಮನೆಯ ದಾರಿ ಹೇಳಿದರು. ಭಾನುವಾರ ಆಯಿಯನ್ನು ಕರೆದುಕೊಂಡೇ ಹೋದೆ. ಅವಳಿಗೆ ಮನಸ್ಸಿರಲಿಲ್ಲ. ಕಾರಿನಲ್ಲಿ ಪೂರ್ತಿ ಮೌನ. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದ ಮೇಲೆ ದೊಡ್ಡ ಓರಗಿತ್ತಿ ಒಂದು ನೋಟ್‌ಬುಕ್ ಹಿಡಿದು ಬಂದು ಆಯಿಯ ಎದುರು ನೆಲದ ಮೇಲೆ ಕೂತರು. ಒಂದೊಂದೇ ಕೇಳಲು ಶುರು ಮಾಡಿದರು. ತೊಟ್ಟು ಎಷ್ಟು ಬಿಡುವುದು ಅತ್ತೆ? ಸೊನೆ ತೆಗೆಯುವುದೋ, ಅದರಲ್ಲೇ ಬಿಡುವುದೋ? ಕಲ್ಲು ಎಷ್ಟು ದಿನ? ಉಪ್ಪುನೀರು ಕುದಿಸುವುದೋ, ಹಸಿಯೋ? ಮೆಣಸು ಹುರಿಯುವುದೋ, ಬಿಸಿಲೋ? ಸಾಸಿವೆ ಮೊದಲೋ ಕೊನೆಗೋ? ರಸ ನೀರೋ ಗಟ್ಟಿಯೋ?

ಇಲ್ಲೇ ನನಗೆ ಅರ್ಧ ಸಮಾಧಾನ ಆಗಿತ್ತು. ಕೆಲಸ ಗೊತ್ತಿಲ್ಲದವರು ಇಂಥ ಪ್ರಶ್ನೆ ಕೇಳುವುದಿಲ್ಲ. ಆಯಿ ಮೊದಲು ಒಂದೊಂದು ಮಾತಿನಲ್ಲಿ ಉತ್ತರ ಕೊಡುತ್ತಿದ್ದವಳು, ಸಾಸಿವೆಯ ಪ್ರಶ್ನೆಗೆ ಬರುವ ಹೊತ್ತಿಗೆ ಕಾಲು ಮಡಚಿಕೊಂಡು ಸರಿಯಾಗಿ ಕೂತಳು. ಸಾಸಿವೆ ಕೊನೆಗೆ, ಜಾಸ್ತಿ ಹೊತ್ತು ತಿರುವಿದರೆ ಕಹಿ ಬರುತ್ತದೆ ಅಂತ ಹೇಳಿದಳು. ಮೆಣಸು ಹುರಿಯಬಾರದು, ಎರಡು ಬಿಸಿಲು ಸಾಕು ಅಂತ ಹೇಳಿದಳು. ಒಡೆದ ಮಿಡಿಯ ವಿಷಯ ಮಾತ್ರ ಹೇಳಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ತೋಟದ ಕಡೆ ನೋಡುತ್ತಿದ್ದಳು. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, ಆ ಹೆಂಗಸಿನ ಮೊಣಕೈ ಹಿಡಿದು, ಕಿವಿಯ ಹತ್ತಿರ ಏನೋ ಹೇಳಿದಳು. ಅವರು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಳ್ಳಲಿಲ್ಲ. ತಲೆಯಾಡಿಸಿದರು ಅಷ್ಟೇ.

(ಇಲ್ಲಿ ಬರೆಯಬಹುದಾ ಅಂತ ಆಯಿಯನ್ನು ಕೇಳಿಯೇ ಬರೆದಿದ್ದೇನೆ. ಈಗ ಎಲ್ಲರೂ ಮಾಡಲಿ ಅಂದಿದ್ದಾಳೆ.)

ಮಿಡಿ ನಾನೇ ಕೊಂಡೆ. ಈ ಮಾತು ಹೊಸಬರಿಗೆ: ಅಪ್ಪೆ ಅಂದರೆ ಒಂದೇ ಮಾವು ಅಲ್ಲ. ಜೀರಿಗೆ ಪರಿಮಳದ್ದು ಇದೆ, ಕರ್ಪೂರದ ಪರಿಮಳದ್ದು ಇದೆ, ಉದ್ದ ಮೂತಿಯದು, ಗುಂಡಗಿನದು, ಅನಂತಭಟ್ಟನ ಅಪ್ಪೆ, ಮಾಳಂಜಿ, ಹೀಗೆ ಮರಕ್ಕೊಂದು ಹೆಸರು. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ, ವರದಾ ದಂಡೆಗಳಲ್ಲಿ ತಾವಾಗಿಯೇ ಬೆಳೆದ ಮರಗಳು. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಆದರೆ ಮಾರ್ಕೆಟ್ಟಿನಲ್ಲಿ ಅಪ್ಪೆ ಅಂತ ಕೂಗಿ ಮಾರುವುದೆಲ್ಲ ಅಪ್ಪೆ ಅಲ್ಲ. ತೊಟ್ಟು ಮುರಿದು ಸೊನೆ ಮೂಸಿ ನೋಡಿ. ಪರಿಮಳ ಮೂಗಿಗೆ ಹೊಡೆಯಬೇಕು. ಒಂದನ್ನು ಕಚ್ಚಿ ನೋಡಲು ಕೇಳಿ, ಒಳ್ಳೆಯ ಮಾಲು ಇಟ್ಟವರು ಬೇಡ ಅನ್ನುವುದಿಲ್ಲ. ಗೊರಟು ಹಲ್ಲಿಗೆ ಸಿಕ್ಕಬಾರದು. ನೆಲಕ್ಕೆ ಬಿದ್ದ ಮಿಡಿ ತೆಗೆದುಕೊಳ್ಳಬೇಡಿ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಪೆಟ್ಟು ಬಿದ್ದಿರುತ್ತದೆ. ಮರ ಹತ್ತಿ ಕೈಯಲ್ಲಿ ಕೊಯ್ದು ಚೀಲದಲ್ಲಿ ಇಳಿಸಿದ್ದಾ ಅಂತ ಕೇಳಿ. ಇನ್ನೂ ಒಂದು ಕೇಳಿ, ದಯವಿಟ್ಟು ಕೇಳಿ: ಕೊಂಬೆ ಕಡಿದು ಕೊಯ್ದದ್ದಾ? ಎತ್ತರದ ಮರ ಹತ್ತುವ ಜನ ಕಡಿಮೆಯಾಗಿ ಕೆಲವರು ಕೊಂಬೆಯನ್ನೇ ಕಡಿದು ಕೆಳಗೆ ಹಾಕುತ್ತಾರೆ. ಹಾಗೆ ಮಾಡಿದ ಮರ ಮುಂದೆ ಎಷ್ಟು ವರ್ಷ ಬದುಕೀತು? ಅಂಥ ಮಿಡಿ ಅರ್ಧ ಬೆಲೆಗೆ ಕೊಟ್ಟರೂ ನನಗೆ ಬೇಡ.

ಈ ವರ್ಷ ನಾನು ನೂರಕ್ಕೆ 300 ರೂಪಾಯಿ ಕೊಟ್ಟೆ. ಐದೈದು ಎತ್ತಿ ಎಣಿಸಿ ಕೊಟ್ಟರು, ಕೊನೆಗೆ ಒಂದು ಹಿಡಿ ಕೊಸರು. ಆರುನೂರು ಮಿಡಿಗೆ 1800. ಓರಗಿತ್ತಿಯರ ಕೂಲಿ ನೂರು ಮಿಡಿಗೆ 250, ಒಟ್ಟು 1500. ಉಪ್ಪು, ಮೆಣಸು, ಸಾಸಿವೆ ನಾವೇ ಕೊಟ್ಟೆವು. ಅವರೇ ಹಾಕುವುದಾದರೆ ಅದಕ್ಕೆ ಬೇರೆ ಲೆಕ್ಕ. ನನಗೆ ಜಾಸ್ತಿ ಅನಿಸಲಿಲ್ಲ. ಹದಿನೈದು ದಿನ ನಿತ್ಯ ನೋಡಿಕೊಳ್ಳುವ ಕೆಲಸಕ್ಕೆ ಇದು ಕಡಿಮೆಯೇ ಅಂತ ನನ್ನ ಅಭಿಪ್ರಾಯ.

ಮಿಡಿ ತಂದ ದಿನವೇ ಉಪ್ಪಿಗೆ ಬೀಳಬೇಕು, ಅದು ಅವರ ಮೊದಲ ನಿಯಮ. ಮಧ್ಯಾಹ್ನ ಹನ್ನೆರಡರ ಒಳಗೆ ತಲುಪಿಸಿದರೆ ಮಾತ್ರ ತೆಗೆದುಕೊಳ್ಳುತ್ತಾರೆ. ನಾನು ಹನ್ನೊಂದಕ್ಕೆ ಹೋದೆ, ಸಂಜೆವರೆಗೆ ಅಲ್ಲೇ ಕೂತು ನೋಡಿದೆ. ಚಿಕ್ಕ ಓರಗಿತ್ತಿ ಮಿಡಿ ಆರಿಸುವುದನ್ನು ನೋಡಬೇಕು. ಪ್ರತಿ ಮಿಡಿಯನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದು ಸುತ್ತು ತಿರುಗಿಸುತ್ತಾರೆ, ಅಷ್ಟರಲ್ಲೇ ಪೆಟ್ಟು ಗೊತ್ತಾಗುತ್ತದೆ. ನನ್ನ ಕಣ್ಣಿಗೆ ಏನೂ ಕಾಣದ ಮಿಡಿಯನ್ನು ಪಕ್ಕಕ್ಕಿಟ್ಟರು. ಕೊಯ್ದು ನೋಡಿದೆ, ಸಿಪ್ಪೆಯ ಕೆಳಗೆ ಉಗುರಗಲ ಕಂದು ಕಲೆ. ಆರುನೂರರಲ್ಲಿ ಹಾಗೆ ಇಪ್ಪತ್ತೆರಡು ಹೊರಗೆ ಬಂದವು, ಅಷ್ಟನ್ನೂ ಎಣಿಸಿ ತೋರಿಸಿದರು. ಒರೆಸಲು ಬಳಸುವ ಬಟ್ಟೆ ಬಿಸಿಲಿನಲ್ಲಿ ಕಾದದ್ದು. ಭರಣಿಯನ್ನು ತೊಳೆದು ಒಣಗಿಸಿ ತಂದಿದ್ದೆ, ಆದರೂ ಕೆಂಡದ ಮೇಲೆ ಒಂದು ಚಿಟಿಕೆ ಇಂಗು ಹಾಕಿ ಆ ಹೊಗೆಯ ಮೇಲೆ ಮತ್ತೆ ಕವುಚಿದರು. ನಮ್ಮ ಅಜ್ಜಿಯೂ ಹಾಗೇ ಮಾಡುತ್ತಿದ್ದಳಂತೆ. ಆಯಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ.

ಇನ್ನು ಸರಿ ಇಲ್ಲದ್ದನ್ನೂ ಹೇಳಬೇಕು. ಇಪ್ಪತ್ತು ದಿನದಲ್ಲಿ ಆಗುತ್ತದೆ ಅಂದಿದ್ದರು, ಐದು ವಾರ ಆಯಿತು. ಮಧ್ಯೆ ಅಕಾಲ ಮಳೆ, ಮೆಣಸು ಒಣಗಲಿಲ್ಲ, ಎರಡು ದಿನ ಕರೆಂಟ್ ಇಲ್ಲ, ಹೀಗೆ ಕಾರಣಗಳೆಲ್ಲ ನಿಜವೇ. ಆದರೆ ಫೋನ್ ಅವರಾಗಿ ಮಾಡಲಿಲ್ಲ, ನಾನೇ ನಾಲ್ಕು ಸಲ ಮಾಡಬೇಕಾಯಿತು. ಒಂದು ಸಲ ಎತ್ತಲೂ ಇಲ್ಲ. ಆ ಐದು ವಾರ ಆಯಿಗೆ ಏನು ಹೇಳಬೇಕು ಅಂತ ನನಗೆ ಕಷ್ಟವಾಗಿತ್ತು. ತಡವಾಗುತ್ತದೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇನ್ನೊಂದು, ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಗಂಟು ಸಡಿಲವಾಗಿತ್ತು. ಮನೆಗೆ ಬರುವ ದಾರಿಯಲ್ಲಿ ರಸ ಹೊರಗೆ ಬಂದು ಕಾರಿನ ಸೀಟಿಗೆಲ್ಲ ಆಯಿತು. ಒಂದು ಪಾವಿನಷ್ಟು ರಸ ಹೋಯಿತು. ನಮ್ಮ ಮನೆಯಲ್ಲಿ ರಸಕ್ಕೆ ಎಷ್ಟು ಬೆಲೆ ಅಂತ ಮೇಲೆ ಹೇಳಿದ್ದೇನೆ. ನೀವು ಹೋಗುವಾಗ ಗಟ್ಟಿ ಹುರಿ ನೀವೇ ಒಯ್ದು, ನಿಂತು ಕಟ್ಟಿಸಿಕೊಳ್ಳಿ. ಭರಣಿ ಸೀಟಿನ ಮೇಲೆ ಬೇಡ, ಕೆಳಗೆ ಗೋಣಿಚೀಲದ ಮೇಲೆ ಇಡಿ.

ಮನೆಗೆ ತಂದದ್ದು ಏಪ್ರಿಲ್ ಕೊನೆಗೆ. ಎರಡು ತಿಂಗಳು ಮುಟ್ಟುವಂತಿಲ್ಲ ಅಂತ ಆಯಿಯದೇ ಕಾನೂನು. ನಾಗಂದಿಗೆಯ ಮೇಲೆ ಭರಣಿ ಕೂತಿತ್ತು. ಆಯಿ ದಿನಾ ಅದರ ಕೆಳಗೆ ಓಡಾಡುತ್ತಿದ್ದಳು, ಒಂದು ಸಲವೂ ತೆಗೆ ಅನ್ನಲಿಲ್ಲ. ಜೂನ್ ಕೊನೆಯ ವಾರ ಮಳೆ ಹಿಡಿದುಕೊಂಡಿತು. ಶಿರಸಿ ಕಡೆಯ ಮಳೆ ಗೊತ್ತಲ್ಲ, ನಾಲ್ಕು ದಿನ ಹೊರಗೆ ಕಾಲಿಡಲಾಗಲಿಲ್ಲ, ಮನೆಯಲ್ಲಿ ತರಕಾರಿ ಅಂತ ಉಳಿದದ್ದು ಒಂದು ಮೊಗೆಕಾಯಿ. ಅವತ್ತು ಮಧ್ಯಾಹ್ನ ಆಯಿ ತಾನಾಗಿ ಹೇಳಿದಳು, "ಕೂಸೆ, ಭರಣಿ ಇಳಿಸು."

ಬಟ್ಟೆ ಬಿಚ್ಚಿದ ಕೂಡಲೇ ಬಂದ ಪರಿಮಳವನ್ನು ನಾನು ಹೇಗೆ ಬರೆಯಲಿ. ಮೊದಲು ಸಾಸಿವೆ ಮೂಗಿಗೆ ಹತ್ತಿತು, ಅದರ ಹಿಂದೆಯೇ ಮಿಡಿಯ ಹಸಿ ಪರಿಮಳ, ಮಾವಿನ ಮರದ ಕೆಳಗೆ ನಿಂತ ಹಾಗೆ. ಒಣಗಿದ ಮರದ ಸೌಟಿನಲ್ಲಿ ಎರಡು ಮಿಡಿ, ಸ್ವಲ್ಪ ರಸ ತೆಗೆದು ಬಟ್ಟಲಿಗೆ ಹಾಕಿದೆ. ಬಣ್ಣ ಕಡುಗೆಂಪು, ಬ್ಯಾಡಗಿಯದೇ ಬಣ್ಣ. ಮೇಲೆ ಎಣ್ಣೆ ತೇಲುತ್ತಿಲ್ಲ. ಬಟ್ಟಲು ಓರೆ ಮಾಡಿದರೆ ರಸ ನಿಧಾನ ಜಾರುತ್ತದೆ, ಹರಿಯುವುದಿಲ್ಲ.

ಬಿಸಿ ಅನ್ನ, ಮೊಗೆಕಾಯಿ ಹುಳಿ, ಮಜ್ಜಿಗೆ. ಆಯಿ ಬೆರಳಿನಲ್ಲಿ ರಸ ಮುಟ್ಟಿ ನಾಲಿಗೆಗೆ ಇಟ್ಟುಕೊಂಡಳು. ಏನೂ ಹೇಳಲಿಲ್ಲ. ನಾನು ನನ್ನ ಊಟ ಬಿಟ್ಟು ಅವಳನ್ನೇ ನೋಡುತ್ತಿದ್ದೆ. ತೊಟ್ಟು ಹಿಡಿದು ಎತ್ತಿದಳು. ಮಸಾಲೆ ಚೀಪಿದಳು. ಕಚ್ಚಿದಳು. ಮಿಡಿ ಕಚ್ಚಿದರೆ ಪಕ್ಕದ ಪಂಕ್ತಿಗೆ ಕೇಳಬೇಕು ಅಂತ ಅವಳೇ ಹೇಳುತ್ತಿದ್ದದ್ದು. ಹೊರಗೆ ಅಷ್ಟು ಮಳೆ ಹೊಡೆಯುತ್ತಿದ್ದರೂ ನನಗೆ ಕೇಳಿತು. ಉಳಿದರ್ಧ ಬಾಳೆಯ ತುದಿಗೆ ಹೋಯಿತು.

"ಉಪ್ಪು ಸರಿ ಇದ್ದು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ರುಬ್ಬಿದ್ದು ಸಣ್ಣಾತು."

ಅದು ನಿಜ. ಅವರು ರುಬ್ಬುವುದು ಗ್ರೈಂಡರಿನಲ್ಲಿ. ಆಯಿ ಒರಳಿನಲ್ಲಿ ರುಬ್ಬಿದರೆ ಮಸಾಲೆ ತರಿತರಿಯಾಗಿ ಮಿಡಿಗೆ ಅಂಟಿಕೊಳ್ಳುತ್ತಿತ್ತು, ಸಾಸಿವೆಯ ಚೂರು ಹಲ್ಲಿಗೆ ಸಿಗುತ್ತಿತ್ತು. ಇದು ನುಣ್ಣಗೆ. ರುಚಿಗೆ ಕೊರತೆ ಇಲ್ಲ, ಬಾಯಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಖಾರವೂ ನಮ್ಮ ಮನೆಯದಕ್ಕಿಂತ ಕೂದಲೆಳೆ ಮುಂದೆ. ಆದರೆ ಒಡೆದ ಮಿಡಿ ಹಾಕಿದ್ದಾರೆ. ರಸದಲ್ಲಿ ಅದು ಸ್ಪಷ್ಟ ಇದೆ. ಬರೆದುಕೊಳ್ಳದೆ ನೆನಪಿಟ್ಟುಕೊಂಡು ಮಾಡಿದ್ದಾರೆ.

ಕೊನೆಗೆ ಮಜ್ಜಿಗೆ ಅನ್ನ ಕಲಸಿ, ಆ ಅರ್ಧ ಮಿಡಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಬಾಳೆಯ ತುದಿ ಖಾಲಿ. ಕೈ ತೊಳೆದು ಬಂದು, "ಅಡ್ಡಿಲ್ಲೆ. ಕೈ ಚೊಲೋ ಇದ್ದು" ಅಂದಳು. ಅಡ್ಡಿಲ್ಲೆ ಅಂದರೆ ಪರವಾಗಿಲ್ಲ ಅಂತ ಅಷ್ಟೇ, ಆದರೆ ಅದು ಎಷ್ಟು ದೊಡ್ಡ ಮೆಚ್ಚುಗೆಯ ಮಾತು ಅಂತ ನಮ್ಮ ಕಡೆಯವರಿಗೆ ಗೊತ್ತು.

ನನ್ನ ಮಾತು ಇಷ್ಟು. ನಿಮ್ಮ ಮನೆಯಲ್ಲಿ ಅಳತೆ ಗೊತ್ತಿರುವವರು ಇನ್ನೂ ಇದ್ದಾರೆ, ಕೈಲಾಗುವುದಿಲ್ಲ ಅಂತ ಮಾತ್ರ ನಿಂತಿದೆ ಅಂದರೆ ಕಣ್ಣು ಮುಚ್ಚಿಕೊಂಡು ಇವರ ಹತ್ತಿರ ಹೋಗಿ. ಆ ಹಿರಿಯರನ್ನು ಕರೆದುಕೊಂಡೇ ಹೋಗಿ, ಚೀಟಿ ಬರೆದು ಕಳಿಸಬೇಡಿ. ಅಳತೆ ಏನೂ ಗೊತ್ತಿಲ್ಲ, ಒಟ್ಟು ಒಳ್ಳೆಯ ಉಪ್ಪಿನಕಾಯಿ ಬೇಕು ಅನ್ನುವವರಿಗೆ ಅವರದೇ ಬಾಟಲಿಗಳೂ ಇವೆ. ಒಂದು ತಂದಿದ್ದೆ. ಶುದ್ಧವಾಗಿದೆ, ಮಿಡಿ ಅಪ್ಪೆಯದೇ, ಉಪ್ಪು ಕಡಿಮೆ ಹಾಕಿರುವುದರಿಂದ ಫ್ರಿಜ್ಜಿನಲ್ಲಿಡಬೇಕು. ಪೇಟೆಯವರಿಗೆ ಹಿಡಿಸುತ್ತದೆ. ನಮ್ಮ ಮನೆಯಲ್ಲಿ ಭರಣಿಯದು ತಿಂದ ಮೇಲೆ ಅದರ ಕಡೆ ಕೈ ಹೋಗಲಿಲ್ಲ. ಆಲೆಮನೆ ಕಾಲದಲ್ಲಿ ಕಬ್ಬಿನ ಹಾಲಿನ ತೊಡದೇವು ಅನ್ನುವ ಸಿಹಿಯನ್ನೂ ಮಾಡುತ್ತಾರೆ, ಕವುಚಿದ ಗಡಿಗೆಯ ಮೇಲೆಯೇ. ತೆಳ್ಳಗೆ, ಹರಿಯದೆ ಬಂದಿತ್ತು. ಹಾಲಿನ ಜೊತೆ ತಿಂದೆವು, ಚೆನ್ನಾಗಿತ್ತು.

ಮುಂದಿನ ಸೀಸನ್ನಿಗೆ ಶಿವರಾತ್ರಿಗೆ ಮೊದಲೇ ಹೇಳಿಡಿ. ಮೋಡ, ಇಬ್ಬನಿ ಜಾಸ್ತಿಯಾದ ವರ್ಷ ಹೂ ಉದುರಿ ಮಿಡಿಯೇ ಸಿಗುವುದಿಲ್ಲ, ಅದಕ್ಕೆ ಅವರೇನೂ ಮಾಡಲಾಗುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಫೋನ್ ಬೇಡ. ನಾವು ಈಗಲೇ ಎಂಟುನೂರು ಅಂತ ಬರೆಸಿದ್ದೇವೆ, ಅದರಲ್ಲಿ ಇನ್ನೂರು ಜೀರಿಗೆ ಮಿಡಿ. ಗ್ರೈಂಡರನ್ನು ಸ್ವಲ್ಪ ಬೇಗ ನಿಲ್ಲಿಸಿ ಅಂತಲೂ ಹೇಳಿಸಿದ್ದಾಳೆ ಆಯಿ. ಹೋದ ವಾರ ಆ ಕಡೆ ಹೊರಟಿದ್ದೆ. ಆಯಿ ಒಳಗೆ ಹೋಗಿ ಒಂದು ಸಣ್ಣ ಸೀಸೆ ತಂದುಕೊಟ್ಟಳು. ಎರಡು ವರ್ಷದ ಹಿಂದೆ ಅವಳೇ ಮಿಡಿಯ ತೊಟ್ಟು ಮುರಿದು ಹಿಡಿದಿಟ್ಟ ಸೊನೆ, ಅಪ್ಪೆಹುಳಿಗೆ ಎರಡು ಹನಿ ಬಿಟ್ಟರೆ ಸಾಕು. ದೊಡ್ಡ ಓರಗಿತ್ತಿಗೆ ಕೊಡು, ಮುಚ್ಚಳ ಗಟ್ಟಿ ಇದೆಯಾ ನೋಡಿಕೋ ಅಂದಳು.